ಪಿಎಂಪಿ ಆನ್‌ಲೈನ್ ತರಬೇತಿ: ಪ್ರೋಸೆಸ್ ಚೆನ್ನಾಗಿ ಹೇಳ್ಕೊಡ್ತಾರೆ, ಜನರ ವಿಷ್ಯಕ್ಕೆ ಬಂದ್ರೆ ಅರ್ಧಂಬರ್ಧ

ಟೆಸ್ಟಿಂಗಿಂದ ಶುರು ಮಾಡಿ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಕಡೆ ಬಂದವಳು ನಾನು. ಕೆಲ್ಸ ಏನಂದ್ರೆ ಹೊಸ ಸಾಫ್ಟ್‌ವೇರ್ ಬಂದಾಗ ಅದನ್ನ ದಿನಾ ಬಳಸೋರ ಜೊತೆ ಕೂತು, ಅವರಿಗೆ ಹೊಂದೋ ಹಾಗೆ ಮಾಡಿಸೋದು, ಕೋಡ್ ಬರೆಯೋರಿಗೂ ಬಳಸೋರಿಗೂ ಮಧ್ಯೆ ನಿಂತು ಎರಡೂ ಕಡೆಯಿಂದ ಬೈಸ್ಕೊಳ್ಳೋದು ಅಂತಾನೂ ಹೇಳ್ಬಹುದು. ಪ್ರಮೋಷನ್ ಮಾತು ಬಂದಾಗೆಲ್ಲ "ನಿಮ್ಮ ಪೀಪಲ್ ಸ್ಕಿಲ್ಸ್ ಸೂಪರ್ ಮೇಡಂ" ಅಂತ ಹೊಗಳಿ ದೊಡ್ಡ ಪ್ರಾಜೆಕ್ಟನ್ನ ಮಾತ್ರ ಬೇರೆಯವರ ಕೈಗೆ ಕೊಡ್ತಿದ್ರು, ಸರಿ ಒಂದು ಸರ್ಟಿಫಿಕೇಟಾದ್ರೂ ಇರ್ಲಿ ಅಂತ ಪಿಎಂಪಿ (ಪ್ರಾಜೆಕ್ಟ್ ಮ್ಯಾನೇಜರ್‌ಗಳಿಗೆ ಪಿಎಂಐ ಅನ್ನೋ ಸಂಸ್ಥೆ ಕೊಡೋ ಸರ್ಟಿಫಿಕೇಟ್) ಪರೀಕ್ಷೆಗೆ ಬೇಕಾಗೋ 35 ಗಂಟೆ ಲೈವ್ ಕ್ಲಾಸಿಗೆ ಸೇರಿದೆ. ಕ್ಲಾಸ್ ನಡೆಸೋರ ಹೆಸರು ಬೇಡ, ಇಂಥ ಕ್ಲಾಸುಗಳೆಲ್ಲ ಹೆಚ್ಚುಕಮ್ಮಿ ಒಂದೇ ಅಚ್ಚಲ್ಲಿ ಬರ್ತಾವೆ, ಯಾವುದಕ್ಕೆ ಸೇರಿದ್ರೂ ಏನು ನೋಡ್ಬೇಕು ಅನ್ನೋದಕ್ಕೆ ಇದು ಉಪಯೋಗ ಆದ್ರೆ ಸಾಕು. ನನ್ನ ರೇಟಿಂಗ್ 5ಕ್ಕೆ ಮೂರೂವರೆ.

ನಾನು ಬರೆದ ಪರೀಕ್ಷೆ 2021ರ ಜನವರಿಯಲ್ಲಿ ಬಂದ ಮಾದರಿದು. 180 ಪ್ರಶ್ನೆ, 230 ನಿಮಿಷ, ಅದ್ರಲ್ಲಿ ಪ್ರೋಸೆಸ್‌ಗೆ 50 ಪರ್ಸೆಂಟ್, ಪೀಪಲ್‌ಗೆ 42, ಉಳಿದ 8 ಬಿಸಿನೆಸ್ ಎನ್ವಿರಾನ್‌ಮೆಂಟ್. ಅಂದ್ರೆ ಜನರನ್ನ ನಿಭಾಯಿಸೋ ವಿಷ್ಯಕ್ಕೇ ಹತ್ತಿರ ಹತ್ತಿರ ಅರ್ಧ ಪೇಪರ್. ಕ್ಲಾಸೂ ಅದೇ ಲೆಕ್ಕದಲ್ಲಿ ನಡೀಬೇಕಲ್ವಾ? ಇಲ್ಲ. ಕ್ರಿಟಿಕಲ್ ಪಾಥ್ (ತಡ ಆದ್ರೆ ಇಡೀ ಪ್ರಾಜೆಕ್ಟೇ ತಡ ಆಗೋ ಕೆಲ್ಸಗಳ ಸಾಲು), ರಿಸ್ಕ್ ರಿಜಿಸ್ಟರ್ (ಏನೇನು ಎಡವಟ್ಟಾಗ್ಬಹುದು ಅನ್ನೋ ಪಟ್ಟಿ), ಅರ್ನ್ಡ್ ವ್ಯಾಲ್ಯೂ (ಇಲ್ಲೀವರೆಗೆ ಮುಗಿದ ಕೆಲ್ಸಕ್ಕೆ ಬಜೆಟ್ ಪ್ರಕಾರ ಇರೋ ಬೆಲೆ) ಇವನ್ನೇ ವಾರಗಟ್ಟಲೆ ಎಳೆದ್ರು. ಹೇಳ್ಕೊಟ್ಟಿದ್ದು ಚೆನ್ನಾಗೇ ಇತ್ತು, ಸುಳ್ಳು ಯಾಕೆ ಹೇಳ್ಲಿ, ಅರ್ನ್ಡ್ ವ್ಯಾಲ್ಯೂನ ಆಕ್ಚುವಲ್ ಕಾಸ್ಟಿಂದ, ಅಂದ್ರೆ ನಿಜವಾಗಿ ಆದ ಖರ್ಚಿಂದ, ಭಾಗಿಸಿದ್ರೆ ಸಿಪಿಐ ಅನ್ನೋ ಖರ್ಚಿನ ಅಳತೆ, 1ಕ್ಕಿಂತ ಕಮ್ಮಿ ಬಂದ್ರೆ ದುಡ್ಡು ಸೋರ್ತಿದೆ ಅಂತರ್ಥ, ಇಷ್ಟನ್ನ ಬೋರ್ಡ್ ಮೇಲೆ ಬಿಡಿಸಿ ಬಿಡಿಸಿ ತಲೆಗೆ ಇಳಿಸಿದ್ರು. ಆದ್ರೆ ಟೀಮ್ ಬೆಳೆಯೋ ಹಂತಗಳ ಬಗ್ಗೆ ಮನಶ್ಶಾಸ್ತ್ರಜ್ಞ ಟಕ್‌ಮನ್ 1965ರಲ್ಲಿ ಹೇಳಿದ್ದು, ಥಾಮಸ್-ಕಿಲ್ಮನ್ ಅವರ ಜಗಳ ನಿಭಾಯಿಸೋ ಐದು ರೀತಿ, ಇವೆಲ್ಲ ಒಂದೊಂದು ಸ್ಲೈಡಲ್ಲಿ ಓಡಿಸ್ಬಿಟ್ರು. "ಇದು ಕಾಮನ್‌ಸೆನ್ಸ್, ಮನೇಲಿ ಓದ್ಕೊಳ್ಳಿ" ಅಂತೆ. ನಾನು ಇಷ್ಟು ವರ್ಷ ಮಾಡ್ತಿರೋ ಕೆಲ್ಸ ಕಾಮನ್‌ಸೆನ್ಸ್ ಆಗಿದ್ರೆ ಅರ್ಧ ಪ್ರಾಜೆಕ್ಟ್ ಗೋ-ಲೈವ್ ಆದ್ಮೇಲೆ, ಅಂದ್ರೆ ಬಳಕೆಗೆ ಬಿಟ್ಮೇಲೆ, ಯಾಕೆ ಮೂಲೆ ಸೇರ್ತಿದ್ವು?

ಅಜೈಲ್ (ಸಾಫ್ಟ್‌ವೇರನ್ನ ಸ್ವಲ್ಪ ಸ್ವಲ್ಪವಾಗಿ ಮಾಡಿ, ತಿದ್ದುತ್ತಾ ಹೋಗೋ ರೀತಿ) ಪಾಠದಲ್ಲೂ ಇದೇ ಕಥೆ. 2001ರಲ್ಲಿ 17 ಜನ ಸೇರಿ ಬರೆದ ಮ್ಯಾನಿಫೆಸ್ಟೋದಲ್ಲಿ ಮೊದಲು ಬರೋದೇ ಪ್ರೋಸೆಸ್, ಟೂಲ್‌ಗಿಂತ ಜನ ಮತ್ತು ಅವರ ಒಡನಾಟ ಮುಖ್ಯ ಅನ್ನೋ ಮಾತು, ಅದನ್ನ ಓದಿ ಮುಗಿಸಿ ಸೀದಾ ಟೂಲ್ ಡೆಮೋಗೆ ಹಾರಿದ್ರು. (ಆ 17 ಜನದಲ್ಲಿ ಒಬ್ಬ ಹೆಂಗಸೂ ಇರ್ಲಿಲ್ಲ ಅಂತ ಯಾರೋ ಚಾಟಲ್ಲಿ ಹಾಕಿದ್ರು, ಟ್ರೈನರ್ ನಕ್ಕು ಮುಂದಿನ ಸ್ಲೈಡಿಗೆ ಹೋದ್ರು.)

ಮೂರೂವರೆ ಕೊಡೋಕೆ ಕಾರಣ ಆಗಿದ್ದು ಒಂದು ಬ್ರೇಕೌಟ್ ರೂಮ್ (ಕ್ಲಾಸನ್ನ ಸಣ್ಣ ಗುಂಪುಗಳಾಗಿ ಮಾಡಿ ಬೇರೆ ಬೇರೆ ಕೂರಿಸೋದು) ಮತ್ತು ಒಂದು ಗೆಸ್ಟ್ ಸೆಷನ್. ಬ್ರೇಕೌಟಲ್ಲಿ ಕೊಟ್ಟ ಕೇಸು ಹೀಗಿತ್ತು: ಆಸ್ಪತ್ರೆಗೆ ಹೊಸ ಸಾಫ್ಟ್‌ವೇರ್ ಬಂದಿದೆ, ನರ್ಸ್‌ಗಳು ಬಿಪಿ, ಟೆಂಪರೇಚರ್ ಎಲ್ಲಾ ಚೀಟಿ ಮೇಲೆ ಬರ್ಕೊಂಡು ಶಿಫ್ಟ್ ಮುಗಿಯೋ ಹೊತ್ತಿಗೆ ಒಟ್ಟಿಗೆ ಕಂಪ್ಯೂಟರಿಗೆ ಹಾಕ್ತಾರೆ, ಡಾಕ್ಟರ್ ನೋಡೋ ಟೈಮಿಗೆ ಪರದೆ ಮೇಲೆ ಏನೂ ಇರಲ್ಲ. ಪ್ರಾಜೆಕ್ಟ್ ಮ್ಯಾನೇಜರ್ ಏನು ಮಾಡ್ಬೇಕು? ನಮ್ಮ ಗುಂಪಲ್ಲಿ ಎಲ್ರೂ ಒಂದೇ ಉತ್ತರ, ಇನ್ನೊಂದು ಸಲ ಟ್ರೈನಿಂಗ್ ಕೊಡೋಣ ಅಂತ. ಟ್ರೈನರ್ ಬಂದು ಕೇಳಿದ್ರು, ಕಂಪ್ಯೂಟರ್ ವಾರ್ಡಲ್ಲಿ ಎಲ್ಲಿದೆ ಅಂತ ಯಾರಾದ್ರೂ ಕೇಳಿದ್ರಾ? ಯಾರೂ ಕೇಳಿರ್ಲಿಲ್ಲ. ಅದು ಇದ್ದಿದ್ದು ವಾರ್ಡಿನ ಆ ತುದೀಲಿ, ಸ್ವಲ್ಪ ಹೊತ್ತು ಮುಟ್ಟದಿದ್ರೆ ಲಾಗೌಟ್ ಬೇರೆ ಆಗುತ್ತೆ, ಪ್ರತಿ ರೋಗಿಗೂ ಹೋಗಿ ಬಂದು ಪಾಸ್‌ವರ್ಡ್ ಹೊಡೀತಾ ಕೂತ್ರೆ ರೋಗೀನ ನೋಡೋರು ಯಾರು? ಆಮೇಲೆ ಅಡ್ಕಾರ್ ಮಾಡೆಲ್ ತೆಗೆದ್ರು, ಬದಲಾವಣೆಗೆ ಜನ ಹೊಂದ್ಕೊಳ್ಳೋಕೆ ಬೇಕಾದ ಐದು ಹೆಜ್ಜೆ: ಅವೇರ್‌ನೆಸ್, ಡಿಸೈರ್, ನಾಲೆಡ್ಜ್, ಎಬಿಲಿಟಿ, ರಿಇನ್‌ಫೋರ್ಸ್‌ಮೆಂಟ್. ಟ್ರೈನಿಂಗಿಂದ ಸಿಗೋದು ಮೂರನೇದು, ಈ ನರ್ಸ್‌ಗಳಿಗೆ ತೊಡಕಾಗಿರೋದು ನಾಲ್ಕನೇದ್ರಲ್ಲಿ, ಗೊತ್ತಿದೆ ಆದ್ರೆ ಆ ಜಾಗದಲ್ಲಿ ಮಾಡೋಕಾಗ್ತಿಲ್ಲ ಅಷ್ಟೆ. ಇಡೀ ಕೋರ್ಸಲ್ಲಿ ನನ್ನ ಕೆಲ್ಸನ ನನಗೇ ಬಿಡಿಸಿ ತೋರಿಸಿದ್ದು ಅದೊಂದೇ ಗಂಟೆ.

ಗೆಸ್ಟ್ ಆಗಿ ಬಂದವರು ತುಂಬಾ ವರ್ಷ ಪ್ರೋಗ್ರಾಂ ಮ್ಯಾನೇಜರ್ ಆಗಿದ್ದವರು. ಕೆರಿಯರ್ ಬಗ್ಗೆ ಅಂದ್ರೆ ಧೈರ್ಯವಾಗಿರಿ, ಮಾತಾಡಿ ಅಂತ ಭಾಷಣ ಬಿಗೀತಾರೇನೋ ಅಂದ್ಕೊಂಡಿದ್ದೆ, ಅವರು ಒಂದು ರಾಸಿ ಚಾರ್ಟ್ (ಯಾವ ಕೆಲ್ಸಕ್ಕೆ ಯಾರು ಹೊಣೆ ಅನ್ನೋ ಪಟ್ಟಿ) ತೆಗೆದು ಅದ್ರಲ್ಲಿ ಯಾರೂ ಹಾಕದೇ ಇರೋ ಸಾಲುಗಳನ್ನ ಹಾಕಿದ್ರು: ಮೀಟಿಂಗ್ ಮಿನಿಟ್ಸ್ ಬರೆಯೋದು, ಹೊಸಬರಿಗೆ ಎಲ್ಲಾ ತೋರಿಸಿಕೊಡೋದು, ಸಿಟ್ಟಾದ ಕ್ಲೈಂಟ್‌ಗೆ ಸಮಾಧಾನದ ಫೋನ್, ಜಗಳ ಆಡ್ಕೊಂಡ ಇಬ್ಬರನ್ನ ಕೂರಿಸಿ ಮಾತಾಡಿಸೋದು. ಈ ಸಾಲುಗಳ ಮುಂದೆ ರೆಸ್ಪಾನ್ಸಿಬಲ್ ಕಾಲಮಲ್ಲಿ ಹೆಸರು ತುಂಬಿ ಅಂದ್ರು, ತುಂಬಿದ್ರೆ ಮೇಲಿಂದ ಕೆಳಗಿನವರೆಗೂ ನನ್ನ ಹೆಸರೇ! ಇದನ್ನ ಮ್ಯಾನೇಜರ್ ಹತ್ರ ದೂರು ಅಂತ ತಗೊಂಡು ಹೋಗ್ಬೇಡಿ, ಪ್ರಾಜೆಕ್ಟ್ ಶುರುವಾಗೋ ದಿನಾನೇ ಚಾರ್ಟಲ್ಲಿ ಹಾಕಿ, ಮಿನಿಟ್ಸ್ ಸರದಿ ಪ್ರಕಾರ ಎಲ್ಲರ ಹೆಸರಿಗೂ ಬರ್ಲಿ, ಉಳಿದಿದ್ದು ನೀವೇ ಮಾಡ್ತೀರಾ ಅಂದ್ರೆ ಅಪ್ರೈಸಲ್‌ಗೆ ಅದೇ ದಾಖಲೆ ಆಗುತ್ತೆ ಅಂದ್ರು. ನಾನಂತೂ ಮುಂದಿನ ಪ್ರಾಜೆಕ್ಟಲ್ಲೇ ಹಾಕಿದೆ, ಇಬ್ಬರು ಮುಖ ಊದಿಸ್ಕೊಂಡ್ರು, ಆದ್ರೆ ಮಿನಿಟ್ಸ್ ಬರೀತಿದ್ದಾರೆ.

ಅರ್ಜಿ ತುಂಬೋಕೆ ಸಹಾಯ ಚೆನ್ನಾಗಿ ಮಾಡ್ತಾರೆ. ಮಗು ಆದ್ಮೇಲೆ ಗ್ಯಾಪ್ ತಗೊಂಡವರು ಇದನ್ನ ಗಮನಿಸಿ, ನಾನು ಹಾಕಿದಾಗ ಇದ್ದ ನಿಯಮದ ಪ್ರಕಾರ ನಾಲ್ಕು ವರ್ಷದ ಡಿಗ್ರಿ ಇದ್ರೆ ಹಿಂದಿನ 8 ವರ್ಷದೊಳಗೆ 36 ತಿಂಗಳು ಪ್ರಾಜೆಕ್ಟ್ ನಡೆಸಿರ್ಬೇಕು, ಅದು ಒಂದೇ ಸಮನೆ ಇರ್ಬೇಕಂತಿಲ್ಲ, ಮಧ್ಯೆ ಖಾಲಿ ಇದ್ರೂ ಪರವಾಗಿಲ್ಲ, ಆದ್ರೆ ಒಂದೇ ತಿಂಗಳಲ್ಲಿ ಎರಡು ಪ್ರಾಜೆಕ್ಟ್ ನೋಡ್ಕೊಂಡಿದ್ರೂ ಅದು ಒಂದೇ ತಿಂಗಳು ಅಂತ ಲೆಕ್ಕ. ಇದು ಗೊತ್ತಿಲ್ದೆ ಅರ್ಹತೆ ಇಲ್ಲ ಅಂತ ಸುಮ್ನೆ ಕೂತಿದ್ದ ಇಬ್ಬರು ನಮ್ಮ ಬ್ಯಾಚಲ್ಲೇ ಇದ್ರು. ಹೊಸ ನಿಯಮ ಏನಿದೆ ಅಂತ ಪಿಎಂಐ ಸೈಟಲ್ಲೇ ಒಂದ್ಸಲ ನೋಡ್ಕೊಂಡು ಬಿಡಿ.

ಮಾಕ್ ಟೆಸ್ಟ್ ಸುಮಾರು. ಪೀಪಲ್ ಪ್ರಶ್ನೆಗಳೆಲ್ಲ ಒಂದೇ ರಾಗ, ಟೀಮಲ್ಲಿ ಒಬ್ಬ ಮೀಟಿಂಗಲ್ಲಿ ಬಾಯೇ ಬಿಡಲ್ಲ, ಮೊದಲು ಏನು ಮಾಡ್ತೀರಿ? ಮೇಲಿನವರಿಗೆ ಹೇಳೋದು, ಅವನನ್ನ ತೆಗೆದುಹಾಕೋದು ಈ ಆಯ್ಕೆಗಳನ್ನ ಮೊದಲೇ ಹೊಡೆದುಹಾಕಿ, ಖಾಸಗಿಯಾಗಿ ಮಾತಾಡೋದನ್ನ ಟಿಕ್ ಮಾಡಿ ಅಂತ ಟ್ರಿಕ್ ಹೇಳ್ಕೊಡ್ತಾರೆ. ಪರೀಕ್ಷೆಗೆ ನಡೆಯುತ್ತೆ. ಖಾಸಗಿಯಾಗಿ ಕೂತ ಮೇಲೆ ಏನು ಮಾತಾಡೋದು, ಅವನು ಅಲ್ಲೂ ಬಾಯಿ ಬಿಡದಿದ್ರೆ ಏನು, ಅದಕ್ಕೆ ಅರ್ಧ ಗಂಟೆಯಾದ್ರೂ ಕೊಡ್ಬೇಕಿತ್ತು. ಸಪೋರ್ಟ್‌ನವರು ಫೀಸ್ ಕಟ್ಟೋವರೆಗೂ ದಿನಾ ಫೋನ್ ಮಾಡ್ತಾರೆ, ಕಟ್ಟಿದ್ಮೇಲೆ ಮೇಲ್‌ಗೂ ಉತ್ತರ ಇಲ್ಲ.

ಐಟಿಯಲ್ಲಿದ್ದು ಪ್ರೋಸೆಸ್ ಭಾಷೆ ಬರದವರಿಗೆ ಧಾರಾಳವಾಗಿ ಹೇಳ್ತೀನಿ, ಸೇರಿ. ನನ್ನ ಥರ ಜನರ ಜೊತೆ ಕೆಲ್ಸ ಮಾಡಿ ಪಳಗಿದವರು ಸೇರೋ ಮುಂಚೆ ಎರಡು ವಿಷ್ಯ ಬರವಣಿಗೇಲಿ ಕೇಳಿ ತಗೊಳ್ಳಿ: ಗೆಸ್ಟ್ ಸೆಷನ್ ಈ ಬ್ಯಾಚಿಗೂ ಇದೆಯಾ, ಪಾಠ ಮಾಡೋ ಟ್ರೈನರ್ ಯಾರು. ಯಾಕಂದ್ರೆ ಡೆಮೋ ಕ್ಲಾಸ್ ತಗೊಂಡವರೇ ಬೇರೆ, ನಮಗೆ ಬಂದವರೇ ಬೇರೆ.