ಯುಎಸ್‌ಬಿ ರೇಡಿಯೋ ಇಂಟರ್ಫೇಸ್: ಸೆಟ್ಟಿಂಗ್ಸ್ ಯಾವ ಮೆಮೊರಿಯಲ್ಲಿ ಇಟ್ರೆ ಸೇಫ್?

ರಿಗ್‌ಗೂ (ಹ್ಯಾಮ್ ರೇಡಿಯೋ ಸೆಟ್) ಕಂಪ್ಯೂಟರ್‌ಗೂ ಮಧ್ಯೆ ಕೂರೋ ಯುಎಸ್‌ಬಿ ಇಂಟರ್ಫೇಸ್ ನೆನಪಿಟ್ಕೋಬೇಕಾದ್ದು ಜಾಸ್ತಿ ಏನಿಲ್ಲ, ಆಡಿಯೋ ಲೆವೆಲ್, ಪಿಟಿಟಿ (ರಿಗ್‌ನ ಟ್ರಾನ್ಸ್‌ಮಿಟ್‌ಗೆ ಹಾಕೋ ಸಿಗ್ನಲ್) ಯಾವ ಲೈನ್‌ನಲ್ಲಿದೆ, ಅದು ಹೈ ಆದ್ರೆ ಟ್ರಾನ್ಸ್‌ಮಿಟ್ಟಾ ಲೋ ಆದ್ರಾ, ಒಂದು ಸೀರಿಯಲ್ ನಂಬರ್, ಎಲ್ಲಾ ಸೇರಿ 64 ಬೈಟ್‌ನಲ್ಲಿ ಮುಗಿಸ್ಬಹುದು. ಹಾಗಾಗಿ ಮೆಮೊರಿ ಎಷ್ಟು ದೊಡ್ಡದು ಅನ್ನೋದಕ್ಕಿಂತ ಸೇವ್ ಆಗ್ತಿರೋವಾಗ್ಲೇ ಕೇಬಲ್ ಕಿತ್ರೆ ಏನು ಉಳಿಯತ್ತೆ ಅನ್ನೋದೇ ಮುಖ್ಯ. ಆಂಟೆನಾ ತೆಗ್ದು ಡಮ್ಮಿ ಲೋಡ್ (ಸಿಗ್ನಲ್ ಹೊರಗೆ ಹೋಗದ ಹಾಗೆ ನುಂಗೋ ರೆಸಿಸ್ಟರ್) ಹಾಕಿ, ಬೇಕಂತ್ಲೇ ಕೇಬಲ್ ಕಿತ್ತು ಕಿತ್ತು ನೋಡ್ದೆ.

ಎಟಿಮೆಗಾ32ಯು4 ಅನ್ನೋ ಮೈಕ್ರೋಕಂಟ್ರೋಲರ್ ಚಿಪ್ ಒಳಗೇ 1 ಕೆಬಿ ಇಇಪ್ರಾಮ್ (ಕರೆಂಟ್ ಹೋದ್ರೂ ಅಳಿಯದ ಮೆಮೊರಿ) ಇದೆ, ಒಂದೊಂದೇ ಬೈಟ್ ಬರೀಬಹುದು, ಬೈಟ್‌ಗೆ ಸುಮಾರು 3.4 ಮಿಲಿಸೆಕೆಂಡ್, 1 ಲಕ್ಷ ಸಲ ಬರೆದ್ರೂ ತಡ್ಕೊಳತ್ತೆ ಅಂತ ಡೇಟಾಶೀಟ್ ಹೇಳತ್ತೆ. ಸುಲಭ, ಆದ್ರೆ ವೋಲ್ಟೇಜ್ ಕುಸೀತಿರೋವಾಗ ಪ್ರೊಸೆಸರ್ ಅಡ್ಡಾದಿಡ್ಡಿ ಓಡಿ ಏನೇನೋ ಬರೆದುಬಿಡಬಹುದು, ಅದಕ್ಕೆ ಬ್ರೌನ್‌ಔಟ್ ಡಿಟೆಕ್ಟರ್ (ವೋಲ್ಟೇಜ್ ಕಮ್ಮಿಯಾದ್ರೆ ಚಿಪ್‌ನ ರೀಸೆಟ್ ಮಾಡೋದು) ಆನ್ ಇರ್ಲೇಬೇಕು. ಪ್ರೋಗ್ರಾಮರ್ ಹಾಕಿ ಚಿಪ್ ಇರೇಸ್ ಮಾಡೋರು ಈಸೇವ್ ಫ್ಯೂಸ್ (ಇರೇಸ್ ಮಾಡಿದ್ರೂ ಇಇಪ್ರಾಮ್ ಉಳಿಸೋ ಚಿಪ್ ಸೆಟ್ಟಿಂಗ್) ನೋಡ್ಕೊಳ್ಳಿ, ಇಲ್ಲಾಂದ್ರೆ ಸೆಟ್ಟಿಂಗ್ಸೂ ಅದ್ರ ಜೊತೆಗೇ ಹೋಗತ್ತೆ.

ತಲೆನೋವು ಇರೋದು ಆರ್‌ಪಿ2040 ಅನ್ನೋ ಇನ್ನೊಂದು ಮೈಕ್ರೋಕಂಟ್ರೋಲರ್‌ನಲ್ಲಿ. ಅದಕ್ಕೆ ಒಳಗಡೆ ಫ್ಲಾಶೇ ಇಲ್ಲ, ಪಕ್ಕದಲ್ಲಿರೋ ಫ್ಲಾಶ್ ಚಿಪ್‌ನಲ್ಲೇ ಪ್ರೋಗ್ರಾಮೂ ಇರತ್ತೆ ಸೆಟ್ಟಿಂಗ್ಸೂ ಇರತ್ತೆ, ಒಂದು ಬೈಟ್ ಬದಲಾಯಿಸೋಕೂ ಸಾಮಾನ್ಯವಾಗಿ 4096 ಬೈಟ್‌ನ ಇಡೀ ಸೆಕ್ಟರ್ ಅಳಿಸಿ ಮತ್ತೆ ಬರೀಬೇಕು, ಅಳಿಸೋಕೇ ಹತ್ತಾರು ಮಿಲಿಸೆಕೆಂಡ್, ಅಷ್ಟೊತ್ತು ಫ್ಲಾಶಿಂದ ಕೋಡ್ ಓಡಲ್ಲ ಅಂತ ಇಂಟರಪ್ಟ್ (ಪ್ರೊಸೆಸರ್‌ನ ತಡೆದು ತುರ್ತು ಕೆಲಸಕ್ಕೆ ಕರೆಯೋ ಸಿಗ್ನಲ್) ಎಲ್ಲ ಆಫ್ ಮಾಡ್ಬೇಕು, ಆಗ ಯುಎಸ್‌ಬಿ ಆಡಿಯೋ ಕಟ್ ಆಗಿ ಆಗಿ ಬರತ್ತೆ. ಅಳಿಸಿದ್ಮೇಲೆ ಬರೆಯೋಕೆ ಮುಂಚೆ ಕೇಬಲ್ ಕಿತ್ತು ಮೆಮೊರಿಲಿರೋದನ್ನ ಡಂಪ್ ತೆಗೆದು ನೋಡಿದ್ರೆ ಸಾಲು ಸಾಲು ಎಫ್‌ಎಫ್ ಎಫ್‌ಎಫ್ ಎಫ್‌ಎಫ್ (ಅಳಿಸಿದ ಖಾಲಿ ಬೈಟ್), ಬೇರೇನೂ ಇಲ್ಲ. ಪಿಟಿಟಿ ಉಲ್ಟಾನಾ ಅನ್ನೋ ಬೈಟೂ ಎಫ್‌ಎಫ್, ಸೊನ್ನೆ ಅಲ್ವಲ್ಲ, ಫರ್ಮ್‌ವೇರ್ (ಚಿಪ್ ಓಡಿಸೋ ಪ್ರೋಗ್ರಾಮ್) ಅದನ್ನ ಹೌದು ಅಂತ ತಗೊಳತ್ತೆ, ಮತ್ತೆ ಕೇಬಲ್ ಚುಚ್ಚಿದ ತಕ್ಷಣ ಕೆಂಪು ಎಲ್‌ಇಡಿ ಹತ್ತಿ ರಿಗ್ ಟ್ರಾನ್ಸ್‌ಮಿಟ್‌ಗೆ ಹೋಯ್ತು! ಕಂಪ್ಯೂಟರ್‌ನಲ್ಲಿ ಯಾವ ಸಾಫ್ಟ್‌ವೇರೂ ಓಪನ್ ಆಗಿರ್ಲಿಲ್ಲ.

ಇದಕ್ಕೆ ಮದ್ದಿದೆ. ಎರಡು ಸೆಕ್ಟರ್ ಇಟ್ಕೊಂಡು ಒಂದಾದ್ಮೇಲೆ ಒಂದಕ್ಕೆ ಬರೀತಾ ಹೋಗೋದು, ಪ್ರತಿ ಕಾಪಿಗೂ ಒಂದು ಕ್ರಮಸಂಖ್ಯೆ, ಕೊನೇಲಿ ಸಿಆರ್‌ಸಿ (ಡೇಟಾ ಕೆಟ್ಟಿಲ್ಲ ಅಂತ ತಾಳೆ ನೋಡೋ ಸಂಖ್ಯೆ), ಸ್ಟಾರ್ಟ್ ಆದಾಗ ಸಿಆರ್‌ಸಿ ಟ್ಯಾಲಿ ಆಗೋ ಹೊಸ ಕಾಪಿ ತಗೊಳ್ಳೋದು, ಎರಡೂ ಟ್ಯಾಲಿ ಆಗ್ಲಿಲ್ವಾ, ಪಿಟಿಟಿ ಪಿನ್ ಮುಟ್ಟೋದೇ ಬೇಡ. ಹಾಗೆ ಮಾಡಿದ್ಮೇಲೆ ಎಷ್ಟೇ ಕಿತ್ರೂ ಹಳೇ ಸೆಟ್ಟಿಂಗ್ ಆದ್ರೂ ವಾಪಸ್ ಬಂತು. ಟ್ರಾನ್ಸ್‌ಮಿಟ್ ಮಾಡೋವಾಗ ಮಾತ್ರ ಸೇವ್ ಬೇಡ, ನಾಬ್ ತಿರುಗಿಸೋದು ನಿಂತು ಒಂದೆರಡು ಸೆಕೆಂಡ್ ಆದ್ಮೇಲೆ ಬರೆದ್ರೆ ಸಾಕು.

ನಂಗೆ ಹಿಡಿಸಿದ್ದು ಹೊರಗೆ ಹಾಕೋ 24ಸಿ02 ಅನ್ನೋ ಇಇಪ್ರಾಮ್ ಚಿಪ್. 256 ಬೈಟ್, ಒಂದು ಬರಹಕ್ಕೆ ಹೆಚ್ಚಂದ್ರೆ 5 ಮಿಲಿಸೆಕೆಂಡ್, ಬಾಳಿಕೆ 10 ಲಕ್ಷ ಸಲ. ಫರ್ಮ್‌ವೇರ್ ಎಷ್ಟು ಸಲ ಬದಲಾಯಿಸಿದ್ರೂ ಇದರ ಪಾಡಿಗೆ ಇದು ಇರತ್ತೆ, ಆಡಿಯೋನೂ ಕಟ್ ಆಗಲ್ಲ, ಮೇಲಾಗಿ ರೈಟ್ ಪ್ರೊಟೆಕ್ಟ್ ಪಿನ್ ಇದೆ, ಜಂಪರ್ ಹಾಕಿದ್ರೆ ಪ್ರೋಗ್ರಾಮ್ ತಲೆಕೆಟ್ರೂ ಒಂದು ಬಿಟ್ ಅಲ್ಲಾಡಲ್ಲ. ಒಂದೇ ಕಿರಿಕ್, ಪೇಜ್ (ಒಂದೇ ಸಲ ಬರೆಯೋ ತುಂಡು) ಸಾಮಾನ್ಯವಾಗಿ 8 ಬೈಟ್‌ದು, ಅದನ್ನ ದಾಟಿ ಒಂದೇ ಉಸಿರಿಗೆ ಬರೆದ್ರೆ ಮುಂದಿನ ಪೇಜಿಗೆ ಹೋಗಲ್ಲ, ಅದೇ ಪೇಜಿನ ಶುರುವಿಗೆ ಬಂದು ಇದ್ದದ್ದನ್ನೇ ತುಳಿಯತ್ತೆ.

ಎಫ್‌ರಾಮ್ (ಕರೆಂಟ್ ಹೋದ್ರೂ ಉಳಿಯೋ ಇನ್ನೊಂದು ಥರದ ಮೆಮೊರಿ) ಕೂಡ ಹಾಕಿ ನೋಡ್ದೆ. ಬರೆಯೋಕೆ ಕಾಯೋದೇ ಬೇಡ, ಬಾಳಿಕೆ ಲಕ್ಷ ಕೋಟಿ ಸಲದ ಲೆಕ್ಕ, ಆದ್ರೆ ಅಪರೂಪಕ್ಕೆ ಸೇವ್ ಮಾಡೋ ಡಬ್ಬಿಗೆ ಅದೆಲ್ಲ ಯಾಕೆ, ಮಧ್ಯದಲ್ಲಿ ಕರೆಂಟ್ ಹೋದ್ರೆ ಅರ್ಧ ಹಳೇದು ಅರ್ಧ ಹೊಸದು ಆಗೋದು ಇಲ್ಲೂ ತಪ್ಪಲ್ಲ, ಸಿಆರ್‌ಸಿ ಇಲ್ಲೂ ಬೇಕು.

ಆರ್‌ಟಿಎಲ್ ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರ್‌ಗೆ ಚುಚ್ಚೋ ಯುಎಸ್‌ಬಿ ರೇಡಿಯೋ ರಿಸೀವರ್) ಬಳಸೋರಿಗೂ ಇದು ಬೇಕಾಗತ್ತೆ. ಅದರಲ್ಲೂ ಇಂಥದ್ದೇ 256 ಬೈಟ್ ಇಇಪ್ರಾಮ್, ಎರಡು ಡಾಂಗಲ್ ತಂದ್ರೆ ಎರಡರ ಸೀರಿಯಲ್ಲೂ 00000001 ಅಂತ್ಲೇ ಇದ್ದು ಯಾವುದು ಯಾವುದು ಅಂತ ಗೊತ್ತಾಗದೇ ಇರೋದು ಮಾಮೂಲು. ಆರ್‌ಟಿಎಲ್ ಇಇಪ್ರಾಮ್ (rtl_eeprom) ಅನ್ನೋ ಟೂಲ್‌ನಿಂದ ಬದಲಾಯಿಸ್ಬಹುದು, ಆದ್ರೆ ಮೊದ್ಲು ಒಂದೇ ಡಾಂಗಲ್ ಚುಚ್ಚಿ, ಇರೋದನ್ನ ಫೈಲಿಗೆ ಓದಿಟ್ಕೊಂಡು, ಆಮೇಲೆ ಬರೀರಿ.