ನಿಮ್ಮ ಊರಿನ ಚರಿತ್ರೆಗೆ ಯಾವ ಪುಸ್ತಕ ಮೊದಲು? ಬುಕಾನನ್, ಗೆಜೆಟಿಯರ್, ಎಪಿಗ್ರಾಫಿಯಾ ಹೋಲಿಕೆ

ಹಳೆಯ ಮೈಸೂರು ಸೀಮೆಯ ಯಾವುದೇ ಊರಿನ ಹಿಂದಿನ ಕಾಲ ತಿಳಿಯಬೇಕೆಂದರೆ ಸಾಮಾನ್ಯವಾಗಿ ಮೊದಲು ಕೈಗೆ ಬರುವುದು ಗೆಜೆಟಿಯರ್, ಅಂದರೆ ಸರ್ಕಾರದ ಸ್ಥಳವಿವರ ಗ್ರಂಥ. ಮೂರೂ ಆಕರಗಳನ್ನು ಒಂದೇ ಹೋಬಳಿಗೆ ಬಳಸಿ ನೋಡಿದರೆ ಆ ಕ್ರಮ ತಲೆಕೆಳಗು ಎಂದು ತಿಳಿಯುತ್ತದೆ. ಮೊದಲು ಶಾಸನ ಸಂಪುಟ (ಎಪಿಗ್ರಾಫಿಯಾ), ಆಮೇಲೆ ಬುಕಾನನ್ನನ ಪ್ರವಾಸಕಥನ, ಕೊನೆಗೆ ಗೆಜೆಟಿಯರ್. ಏಕೆ ಎಂಬುದು ಮುಂದಿದೆ.

ಎಪಿಗ್ರಾಫಿಯಾ ಕರ್ನಾಟಿಕಾ

ಬೆಂಗಳೂರಿನಲ್ಲೇ ಹುಟ್ಟಿದ ಬಿ. ಎಲ್. ರೈಸ್ 1886ರಿಂದ 1905ರವರೆಗೆ ಹೊರತಂದ 12 ಸಂಪುಟಗಳು ಇವು. ಸುಮಾರು 9,000 ಶಾಸನಗಳಿವೆ. ಶಾಸನಗಳನ್ನು ತಾಲ್ಲೂಕಿನ ಪ್ರಕಾರ ಜೋಡಿಸಿ ಕ್ರಮಸಂಖ್ಯೆ ಕೊಟ್ಟಿರುವುದೇ ಇದರ ದೊಡ್ಡ ಅನುಕೂಲ. ಊರಿನ ಹೆಸರು ಗೊತ್ತಿದ್ದರೆ ಹತ್ತು ನಿಮಿಷದಲ್ಲಿ ಕೆರೆ ಕಟ್ಟಿಸಿದವರು, ದತ್ತಿ ಬಿಟ್ಟವರು, ತುರುಗೊಳ್ (ದನ ಕವರುವ) ಕಾಳಗದಲ್ಲಿ ಬಿದ್ದವರು ಹೆಸರು ಸಮೇತ ಸಿಗುತ್ತಾರೆ.

ತಪ್ಪುವುದು ಸಂಪುಟ ಆರಿಸುವಾಗ. ರೈಸ್ ಬಳಸಿದ್ದು ಆ ಕಾಲದ ಜಿಲ್ಲೆಗಳನ್ನು. ಮಂಡ್ಯ ಜಿಲ್ಲೆ ಆದದ್ದು 1939ರಲ್ಲಿ; ಹಾಗಾಗಿ ಮಂಡ್ಯ, ಮಳವಳ್ಳಿ, ಶ್ರೀರಂಗಪಟ್ಟಣಕ್ಕೆ 3ನೇ ಸಂಪುಟ ತೆಗೆಯಬೇಕು, ನಾಗಮಂಗಲ, ಕೃಷ್ಣರಾಜಪೇಟೆಗೆ 4ನೆಯದು. ಇವೆರಡೂ ಮೈಸೂರು ಜಿಲ್ಲೆಯ ಸಂಪುಟಗಳು. ಹೊನ್ನಾಳಿ ಈಗ ದಾವಣಗೆರೆಗೆ ಸೇರಿದ್ದರೂ ಶಾಸನಗಳು ಶಿವಮೊಗ್ಗದ 7ನೇ ಸಂಪುಟದಲ್ಲಿವೆ. ಸೊರಬ, ಸಾಗರ, ನಗರ, ತೀರ್ಥಹಳ್ಳಿಗೆ 8. ಕೊಳ್ಳೇಗಾಲ ಆಗ ಮದರಾಸಿಗೆ ಸೇರಿದ್ದರಿಂದ ರೈಸರಲ್ಲಿ ಇಲ್ಲವೇ ಇಲ್ಲ.

ಎರಡನೆಯ ತೊಡಕು ಪುಟಗಳದು. ಇಂಗ್ಲಿಷ್ ಅನುವಾದ ಒಂದು ಭಾಗ, ರೋಮನ್ ಲಿಪಿಯ ಪಾಠ ಇನ್ನೊಂದು, ಕನ್ನಡ ಪಾಠ ಮತ್ತೊಂದು. ಮೂರರಲ್ಲೂ ಕ್ರಮಸಂಖ್ಯೆ ಒಂದೇ. ಪುಟಸಂಖ್ಯೆ ನಂಬಿ ಹೊರಟರೆ ದಾರಿ ತಪ್ಪುತ್ತೀರಿ. ಅನುವಾದವನ್ನಷ್ಟೇ ಓದಿ ಮುಗಿಸಬೇಡಿ. ಬಿರುದಾವಳಿ, ಶಾಪಾಶಯದ ಭಾಗಗಳನ್ನು ರೈಸ್ ಅನೇಕ ಕಡೆ ‘ಎಂದಿನಂತೆ’ ಎಂದು ಬಿಟ್ಟಿದ್ದಾರೆ. ಗಡಿಕಲ್ಲು, ತೂಬು, ಗದ್ದೆಯ ಹೆಸರುಗಳನ್ನು ಕನ್ನಡ ಪಾಠದಲ್ಲೇ ನೋಡಬೇಕು. ಸ್ಥಳೀಯರು ಗುರುತಿಸಬಲ್ಲ ಹೆಸರುಗಳು ಅವೇ.

ಇಸವಿಯನ್ನು ನೀವೇ ಒಮ್ಮೆ ಪರೀಕ್ಷಿಸಿ. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ. ಆದರೆ ತಿಥಿ ಮಾಘ, ಫಾಲ್ಗುಣದಲ್ಲಿದ್ದರೆ ಸಾಮಾನ್ಯವಾಗಿ ಜನವರಿ 1 ದಾಟಿರುತ್ತದೆ, 79 ಕೂಡಿಸಬೇಕು. ಪುಷ್ಯವಾದರೆ ಎರಡೂ ಸಾಧ್ಯ. ಸಂವತ್ಸರ ಹೊಂದುತ್ತದೆಯೇ ಎಂದು ನೋಡಲು ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ. ಉಳಿದ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆ. ಶೇಷ ಸೊನ್ನೆಯಾದರೆ ಅಕ್ಷಯ. ವಿಷ್ಣುವರ್ಧನನ ಬೇಲೂರು ಶಾಸನದ ಶಕ 1039 ತೆಗೆದುಕೊಳ್ಳಿ: 1051ನ್ನು 60ರಿಂದ ಭಾಗಿಸಿದರೆ ಶೇಷ 31, ಅಂದರೆ ಹೇವಿಳಂಬಿ. ಶಾಸನದಲ್ಲೂ ಅದೇ ಇದೆ, ಇಸವಿ 1117. ಒಂದು ವರ್ಷದ ವ್ಯತ್ಯಾಸ ಬಂದರೆ ಹೆದರಬೇಕಿಲ್ಲ, ಬರೆದವನು ನಡೆಯುತ್ತಿರುವ ವರ್ಷ ಹಿಡಿದನೋ ಕಳೆದ ವರ್ಷವೋ ಎಂಬುದಷ್ಟೇ ಪ್ರಶ್ನೆ. ಹತ್ತಾರು ವರ್ಷ ತಪ್ಪಿದರೆ ಮಾತ್ರ ಓದೋ ಶಾಸನವೋ ಶಂಕಾಸ್ಪದ. ಗಂಗರ ಹಲವು ತಾಮ್ರಪಟಗಳು ಕೂಟ (ನಕಲಿ) ಎಂದು ಶಾಸನತಜ್ಞ ಫ್ಲೀಟ್ ಗಟ್ಟಿಯಾಗಿ ವಾದಿಸಿದ್ದರು. ಗಂಗರ ಆರಂಭಕಾಲದ ಇಸವಿಗಳನ್ನು ರೈಸರಿಂದ ನೇರವಾಗಿ ಎತ್ತಿಕೊಳ್ಳಬಾರದು.

ಹೊಸ ಪರಿಷ್ಕೃತ ಆವೃತ್ತಿಯನ್ನು ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ತರತೊಡಗಿತು. ಸಿಗುವ ಕಡೆ ಅದನ್ನೇ ಹಿಡಿಯಿರಿ. ರೈಸರ ನಂತರ ಸಿಕ್ಕಿದ್ದು ಎಷ್ಟು ಎಂಬುದಕ್ಕೆ ಶ್ರವಣಬೆಳಗೊಳ ನೋಡಿದರೆ ಸಾಕು: 1889ರ ಸಂಪುಟದಲ್ಲಿ 144 ಶಾಸನ, ಆರ್. ನರಸಿಂಹಾಚಾರ್ಯರ 1923ರ ಆವೃತ್ತಿಯಲ್ಲಿ 500. ಬೇಲೂರು ತಾಲ್ಲೂಕಿನದೇ ಆದ ಹಲ್ಮಿಡಿ ಶಾಸನವೂ ರೈಸರಿಗೆ ಸಿಕ್ಕಿರಲಿಲ್ಲ. ಎಚ್ಚರ: ಹೊಸ ಆವೃತ್ತಿಯಲ್ಲಿ ಕ್ರಮಸಂಖ್ಯೆ ಬದಲಾಗಿದೆ, ಸಂಪುಟಗಳ ವಿಂಗಡಣೆಯೂ ಬೇರೆ. ಸಂಖ್ಯೆ ಉಲ್ಲೇಖಿಸುವಾಗ ಹಳೆಯದೋ ಹೊಸದೋ ಬರೆಯದಿದ್ದರೆ ಮುಂದಿನವರಿಗೆ ಆ ಉಲ್ಲೇಖ ನಿಷ್ಪ್ರಯೋಜಕ.

ಬುಕಾನನ್ನನ ಪ್ರವಾಸ

ಶಾಸನದಲ್ಲಿ ದತ್ತಿ ಸಿಗುತ್ತದೆ, ಅನ್ನ ಸಿಗುವುದಿಲ್ಲ. ರಾಗಿ ಯಾವಾಗ ಬಿತ್ತಿದರು, ಎತ್ತಿಗೆ ಏನು ಬೆಲೆ, ಮಗ್ಗದವನ ಕೂಲಿ ಎಷ್ಟು ಎಂಬುದಕ್ಕೆ ಫ್ರಾನ್ಸಿಸ್ ಬುಕಾನನ್ ಬೇಕು. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರ ಏಪ್ರಿಲ್ 23ಕ್ಕೆ ಈ ವೈದ್ಯ ಮದರಾಸಿನಿಂದ ಹೊರಟು 1801ರ ಜುಲೈಯಲ್ಲಿ ಅಲ್ಲಿಗೇ ಮರಳಿದ. ಪುಸ್ತಕ ಲಂಡನ್ನಿನಲ್ಲಿ 1807ರಲ್ಲಿ ಮೂರು ಸಂಪುಟವಾಗಿ ಬಂತು. ದಿನಚರಿಯ ರೂಪದಲ್ಲಿರುವುದರಿಂದ ಯಾವ ದಿನ ಯಾವ ಊರಿನಲ್ಲಿದ್ದ ಎಂಬುದು ಸ್ಪಷ್ಟ. ಚನ್ನಪಟ್ಟಣದ ಗಾಜಿನ ಬಳೆ, ವಾದ್ಯಗಳ ಉಕ್ಕಿನ ತಂತಿ, ಕಬ್ಬಿಣ ಕರಗಿಸುವ ಕುಲುಮೆ, ಘಟ್ಟದ ಮೇಲಿನ ಅಡಕೆ ತೋಟ, ಇಷ್ಟು ಬಿಡಿಬಿಡಿಯಾಗಿ ಬರೆದ ಬೇರೆ ಪುಸ್ತಕ ಆ ಕಾಲದ್ದು ಕನ್ನಡ ನಾಡಿಗಿಲ್ಲ. ಮೂರರಲ್ಲಿ ಒಂದನ್ನೇ ಇಟ್ಟುಕೊಳ್ಳಿ ಎಂದರೆ ಇದನ್ನೇ ಇಟ್ಟುಕೊಳ್ಳಬೇಕು.

ಆದರೆ ಅವನು ನಡೆದ ದಾರಿಯಲ್ಲಿ ನಿಮ್ಮ ಊರಿರಬೇಕು. ಕೋಲಾರ, ಬೆಂಗಳೂರು, ಶ್ರೀರಂಗಪಟ್ಟಣ, ದೊಡ್ಡಬಳ್ಳಾಪುರ, ಮಧುಗಿರಿ, ಶಿರಾ, ತುಮಕೂರು ಸುತ್ತಿ ಕೊಯಮತ್ತೂರು, ಮಲಬಾರಿಗೆ ಇಳಿದು, ಮಂಗಳೂರಿನಿಂದ ಕರಾವಳಿ ಹಿಡಿದು ಹೋಗಿ, ಘಟ್ಟ ಹತ್ತಿ ಸೋಂದೆ, ಬನವಾಸಿ, ಇಕ್ಕೇರಿ, ನಗರ, ಚಿತ್ರದುರ್ಗದ ಕಡೆಗೆ ಬಂದ. ಧಾರವಾಡ, ವಿಜಯಪುರದವರಿಗೆ ಇದರಲ್ಲಿ ಏನೂ ಇಲ್ಲ.

ಅಳತೆಗಳಲ್ಲಿ ಎಡವುವವರು ಬಹಳ. 20 ಕೊಳಗಕ್ಕೆ 1 ಖಂಡುಗ ಸರಿ, ಆದರೆ ಕೊಳಗಕ್ಕೆ ಎಷ್ಟು ಸೇರು ಎಂಬುದು ಊರಿಂದೂರಿಗೆ ಬೇರೆ. ಬುಕಾನನ್ ಅದನ್ನು ಆಯಾ ಊರಿನಲ್ಲಿ ಕೇಳಿ ಬರೆದಿದ್ದಾನೆ. ಹಿಂದಿನ ಊರಿನ ಲೆಕ್ಕವನ್ನು ಮುಂದಿನ ಊರಿಗೆ ಒಯ್ಯಬಾರದು. ಮೇಲಾಗಿ ಖಂಡುಗವೆಂದರೆ ಕಾಳಿನ ಅಳತೆಯೂ ಹೌದು, ಅಷ್ಟು ಬೀಜ ಹಿಡಿಯುವ ನೆಲವೂ ಹೌದು. ಬೀಜವರಿಯ ಖಂಡುಗ ಗದ್ದೆಯಲ್ಲಿ ಒಂದು ವಿಸ್ತಾರ, ಹೊಲದಲ್ಲಿ ಇನ್ನೊಂದು. ಇದನ್ನು ಗಮನಿಸದೆ ಇಳುವರಿ ಲೆಕ್ಕ ಹಾಕಿದರೆ ಎಲ್ಲವೂ ಹುಸಿ.

ಜಾತಿಗಳ ವಿಷಯದಲ್ಲಿ ಅವನ ಮಾತು ದುಭಾಷಿಯ ಮೂಲಕ ಬಂದದ್ದು. ಬೇಸಾಯ, ಕಸುಬುಗಳಲ್ಲಿ ಕಣ್ಣಾರೆ ಕಂಡದ್ದು ಹೆಚ್ಚು, ಹುಟ್ಟು-ಕುಲದ ಕಥೆಗಳಲ್ಲಿ ಕೇಳಿದ್ದು ಹೆಚ್ಚು. ಎರಡಕ್ಕೂ ಒಂದೇ ತೂಕ ಕೊಡುವಂತಿಲ್ಲ.

ಮದರಾಸಿನ 1870ರ ಮರುಮುದ್ರಣ ಎರಡೇ ಸಂಪುಟದ್ದು, ಪುಟಸಂಖ್ಯೆ 1807ರದಕ್ಕೆ ಹೊಂದದು. ಉಲ್ಲೇಖಕ್ಕೆ ಪುಟದ ಜೊತೆ ದಿನಾಂಕವನ್ನೂ ಬರೆದಿಟ್ಟರೆ ಯಾವ ಆವೃತ್ತಿಯಲ್ಲಾದರೂ ಸಿಗುತ್ತದೆ. ಸ್ಕ್ಯಾನ್ ಪ್ರತಿಯಲ್ಲಿ ಹುಡುಕುವಾಗ ಈಗಿನ ಕಾಗುಣಿತ ನಡೆಯದು: ಇಂದು ಇಂಗ್ಲಿಷಿನ ಕೆ ಅಕ್ಷರ ಬರುವಲ್ಲಿ ಅವನು ಬಹುತೇಕ ಸಿ ಬರೆಯುತ್ತಾನೆ, ಕೋಲಾರ, ತುಮಕೂರು ಎರಡಕ್ಕೂ.

ಗೆಜೆಟಿಯರುಗಳು

ರೈಸರ 1897ರ ಪರಿಷ್ಕೃತ ಗೆಜೆಟಿಯರಿನಲ್ಲಿ 2ನೇ ಸಂಪುಟ ಜಿಲ್ಲಾವಾರು; ಹಯವದನರಾಯರದರಲ್ಲಿ (1927–30) ಊರುಗಳಿಗಾಗಿ 5ನೇ ಸಂಪುಟ. ಜನಗಣತಿ, ರಸ್ತೆ, ಜಾತ್ರೆ, ತಾಲ್ಲೂಕಿನ ಸ್ವರೂಪಕ್ಕೆ ಚೆನ್ನ. ಊರಿನ ಹೆಸರಿನ ಹುಟ್ಟಿಗೆ ಮಾತ್ರ ಇವನ್ನು ನಂಬಿ ಕೂರಬಾರದು, ಸ್ಥಳಪುರಾಣವೂ ಇತಿಹಾಸವೂ ಒಂದೇ ಸಾಲಿನಲ್ಲಿ ಬರುತ್ತವೆ. ವೀರಬಲ್ಲಾಳನ ಬೆಂದಕಾಳೂರಿನ ಕಥೆ ಎಲ್ಲರಿಗೂ ಗೊತ್ತು. ಬೇಗೂರಿನ ವೀರಗಲ್ಲಿನಲ್ಲಿ ‘ಬೆಂಗಳೂರ ಕಾಳಗ’ ಎಂದು ಬಲ್ಲಾಳನಿಗಿಂತ ಸುಮಾರು ಮುನ್ನೂರು ವರ್ಷ ಮೊದಲೇ ಕೆತ್ತಿದೆ. ಶಾಸನ ಮೊದಲು ನೋಡಿದವರು ಇಂಥ ಕಡೆ ಎಡವುವುದಿಲ್ಲ.

ಮೈಸೂರು ಸಂಸ್ಥಾನದ ಆಚೆಗೆ ಈ ಹೋಲಿಕೆ ನಡೆಯದು. ಉತ್ತರ ಕನ್ನಡಕ್ಕೆ ಮುಂಬಯಿ ಗೆಜೆಟಿಯರಿನ 15ನೇ ಸಂಪುಟ (1883), ಬೆಳಗಾವಿ, ಧಾರವಾಡ, ವಿಜಯಪುರಗಳಿಗೆ ಕ್ರಮವಾಗಿ 21, 22, 23. ಶಾಸನಗಳಿಗೆ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆ: ಮದರಾಸಿನಲ್ಲಿದ್ದ ಬಳ್ಳಾರಿ ಕಡೆಯವರು 9ನೇ ಸಂಪುಟ, ಮುಂಬಯಿ ಕರ್ನಾಟಕದವರು 11ನೇ ಸಂಪುಟದಿಂದ ಆರಂಭಿಸಿ. ಆ ಸಂಪುಟಗಳಲ್ಲಿ ಪೂರ್ಣ ಅನುವಾದ ಇರುವುದಿಲ್ಲ, ಹಳಗನ್ನಡ ಬಲ್ಲವರೊಬ್ಬರನ್ನು ಜೊತೆಗಿಟ್ಟುಕೊಂಡೇ ಓದಬೇಕು.