1.6 ಮಿಯಾಟಾಗೆ 1.8ರ ಹಿಂಚಕ್ರದ ಬ್ರೇಕ್: ಮೂರು ವರ್ಷ ಓಡಿಸಿದ ಮೇಲೆ

ಕಾರು: ಮಜ್ದಾ ಎಂಎಕ್ಸ್-5 ಮಿಯಾಟಾ, ಮೊದಲ ಪೀಳಿಗೆ, 1.6 ಲೀಟರ್ ಎಂಜಿನ್, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ತಿರುಗದೆ ಲಾಕ್ ಆಗುವುದನ್ನು ತಡೆಯುವ ವ್ಯವಸ್ಥೆ) ಇಲ್ಲ.
ಹಾಕಿದ್ದು: 1994ರ ನಂತರದ 1.8 ಲೀಟರ್ ಮಾದರಿಯ ಡಿಸ್ಕ್ (ಚಕ್ರದ ಜೊತೆ ತಿರುಗುವ ತಟ್ಟೆ), ಪ್ಯಾಡ್ (ಡಿಸ್ಕನ್ನು ಹಿಡಿದು ನಿಲ್ಲಿಸುವ ಬಿಲ್ಲೆ), ಬ್ರಾಕೆಟ್ (ಪ್ಯಾಡನ್ನು ಅದರ ಜಾಗದಲ್ಲಿ ಹಿಡಿಯುವ ಚೌಕಟ್ಟು).

ಈ ಕಾರು ಭಾರತದಲ್ಲಿ ಮಾರಾಟಕ್ಕೆ ಬರಲೇ ಇಲ್ಲ. ಅಮೆರಿಕ, ಬ್ರಿಟನ್ ಕಡೆ ಇದ್ದುಕೊಂಡು ಹಳೆಯ ಮಿಯಾಟಾ ಕೊಂಡವರಿಗೆ ಈ ಬರಹ ಉಪಯೋಗಕ್ಕೆ ಬರುತ್ತದೆ.

ಮೊದಲು ಒಂದು ಮಾತು. ಹಿಂದಿನ ಬ್ರೇಕ್ ಮಾತ್ರ ಬದಲಾಯಿಸಿ ನಿಲ್ಲಿಸಬೇಡಿ. 1.6ರ ಹಿಂದಿನ ಡಿಸ್ಕ್ 231 ಮಿ.ಮೀ., 1.8ರದ್ದು 251. ಅಂದರೆ ಪ್ಯಾಡ್ ಹಿಡಿಯುವ ಜಾಗ ಚಕ್ರದ ನಡುವಿನಿಂದ 10 ಮಿ.ಮೀ. ಹೊರಗೆ ಹೋಗುತ್ತದೆ. ಪೆಡಲ್ ಒತ್ತಡ ಅಷ್ಟೇ ಇದ್ದರೂ ಹಿಂದಿನ ಬ್ರೇಕಿನ ಹಿಡಿತ ಸುಮಾರು ಹತ್ತನೇ ಒಂದು ಪಾಲು ಹೆಚ್ಚುತ್ತದೆ. ಜೋರಾಗಿ ಬ್ರೇಕ್ ಒತ್ತಿದಾಗ ಕಾರಿನ ಭಾರವೆಲ್ಲ ಮುಂದಕ್ಕೆ ವಾಲಿ ಹಿಂದಿನ ಚಕ್ರಗಳು ಹಗುರಾಗಿರುತ್ತವೆ. ಆ ಹೊತ್ತಿನಲ್ಲಿ ಅವು ಮೊದಲು ಲಾಕ್ ಆದರೆ ಕಾರಿನ ಹಿಂಭಾಗ ಮುಂದಕ್ಕೆ ತಿರುಗಿಬಿಡುತ್ತದೆ, ಮಳೆಯಲ್ಲಂತೂ ಹಿಡಿತಕ್ಕೇ ಸಿಗುವುದಿಲ್ಲ. ಮುಂದಿನ ಡಿಸ್ಕ್ 1.6ರಲ್ಲಿ 235, 1.8ರಲ್ಲಿ 255. ಅಲ್ಲೂ ಹೆಚ್ಚಾಗುವುದು ಅದೇ 20 ಮಿ.ಮೀ. ನಾಲ್ಕೂ ಚಕ್ರಕ್ಕೆ ಒಟ್ಟಿಗೆ ಹಾಕಿದರೆ ಮುಂದೆ-ಹಿಂದಿನ ಹೊಂದಾಣಿಕೆ ಮೊದಲಿನ ಹತ್ತಿರವೇ ಉಳಿಯುತ್ತದೆ. ಮುಂದಿನದು ಸುಲಭ. ಕಷ್ಟ ಕೊಡುವುದು ಹಿಂದಿನದೇ, ಅದಕ್ಕೇ ಇಲ್ಲಿ ಅದರ ಬಗ್ಗೆ ಹೆಚ್ಚು ಬರೆದಿದೆ.

ಬೇಕಾಗುವ ಸಾಮಾನು ಕಡಿಮೆ: 1.8ರ ಹಿಂದಿನ ಬ್ರಾಕೆಟ್ ಎರಡು, ಡಿಸ್ಕ್ ಎರಡು, ಪ್ಯಾಡ್ ಒಂದು ಸೆಟ್. ಕ್ಯಾಲಿಪರ್ (ಒಳಗಿನ ಪಿಸ್ಟನ್ನಿನಿಂದ ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಹಳೆಯದೇ ಸಾಕು. ಬ್ರೇಕ್ ಪೈಪ್ ಬಿಚ್ಚಬೇಕಾಗಿಲ್ಲವಾದ್ದರಿಂದ ಬ್ಲೀಡ್ ಮಾಡುವ, ಅಂದರೆ ಪೈಪಿನೊಳಗಿನ ಗಾಳಿ ತೆಗೆಯುವ ಕೆಲಸವೂ ಇಲ್ಲ. ಬ್ರಾಕೆಟ್ ಗುಜರಿಯಲ್ಲಿ ಸಿಗುತ್ತದೆ, ಡಿಸ್ಕ್ ಮತ್ತು ಪ್ಯಾಡ್ ಮಾತ್ರ ಹೊಸದೇ ತೆಗೆದುಕೊಳ್ಳಿ. ಗುಜರಿಯಲ್ಲಿ ಬ್ರಾಕೆಟ್ ಬಿಚ್ಚುವ ಮೊದಲು ಅದರೊಳಗೆ ಕೂತಿರುವ ಡಿಸ್ಕಿಗೆ ಟೇಪು ಹಿಡಿದು ನೋಡಿ. ಎರಡನೇ ಪೀಳಿಗೆಯ ಸ್ಪೋರ್ಟ್ ಮಾದರಿಯಲ್ಲಿ ಹಿಂದಿನ ಡಿಸ್ಕ್ 276 ಮಿ.ಮೀ., ಅದರ ಬ್ರಾಕೆಟ್ಟೇ ಬೇರೆ. ಅದನ್ನು ತಂದು 251ರ ಡಿಸ್ಕಿಗೆ ಹಾಕಿದರೆ ಪ್ಯಾಡಿನ ಮೇಲಂಚು ಡಿಸ್ಕಿನಿಂದ ಆಚೆ ಚಾಚಿಕೊಳ್ಳುತ್ತದೆ. ಸ್ಪೋರ್ಟ್ ಬ್ರೇಕಿಗೆ 15 ಇಂಚಿನ ಚಕ್ರವೂ ಬೇಕು. 1.8ರದ್ದು ಕಂಪನಿಯ 14 ಇಂಚಿನ ಚಕ್ರದೊಳಗೇ ಕೂರುತ್ತದೆ.

ಕೆಲಸಕ್ಕೆ ಹ್ಯಾಂಡ್ ಬ್ರೇಕ್ ಬಿಟ್ಟಿರಬೇಕು, ಹಾಗಾಗಿ ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಉರುಳದಂತೆ ಅಡ್ಡಗಟ್ಟೆ ಕೊಡಿ. ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಜಾಕನ್ನು ನಂಬಿ ಕೆಳಗೆ ಕೈ ಹಾಕಬೇಡಿ. ಹ್ಯಾಂಡ್ ಬ್ರೇಕ್ ಲಿವರಿನ ಬುಡದಲ್ಲಿರುವ ಅಡ್ಜಸ್ಟರ್ ಪೂರ್ತಿ ಸಡಿಲಿಸಿ.

ಈಗ ಕ್ಯಾಲಿಪರಿನ ಹಿಂಬದಿ ನೋಡಿ. 14 ಮಿ.ಮೀ. ಸ್ಪ್ಯಾನರ್ ಕೂರುವ ಒಂದು ಬೋಲ್ಟು ಇದೆ. ಅದು ಬರೀ ಮುಚ್ಚಳ. ತೆಗೆದರೆ ಒಳಗೆ 4 ಮಿ.ಮೀ. ಅಲೆನ್ ಕೀ ಹಿಡಿಯುವ ಸ್ಕ್ರೂ ಇರುತ್ತದೆ. ಎಡಕ್ಕೆ ತಿರುಗಿಸಿದರೆ ಪಿಸ್ಟನ್ ಹಿಂದೆ ಸರಿಯುತ್ತದೆ, ಬಲಕ್ಕೆ ತಿರುಗಿಸಿದರೆ ಮುಂದೆ ಬರುತ್ತದೆ. ಮುಂದಿನ ಕ್ಯಾಲಿಪರಿನ ಅಭ್ಯಾಸದಲ್ಲಿ ಇಲ್ಲೂ ಕ್ಲ್ಯಾಂಪ್ ಹಾಕಿ ಪಿಸ್ಟನ್ ಒತ್ತುವವರು ಬಹಳ. ಒಳಗೆ ಹ್ಯಾಂಡ್ ಬ್ರೇಕಿನ ಸ್ಕ್ರೂ ಇರುವುದರಿಂದ ಪಿಸ್ಟನ್ ಹೋಗುವುದಿಲ್ಲ. ಬಲ ಹಾಕಿದರೆ ಒಳಗಿನ ಯಂತ್ರವೇ ಕೆಡುತ್ತದೆ, ಆಮೇಲೆ ಇಡೀ ಕ್ಯಾಲಿಪರ್ ಬದಲಾಯಿಸಬೇಕು.

ಕ್ಯಾಲಿಪರ್ ಬಿಚ್ಚಿ ಹೋಸಿನ ಮೇಲೆ ಜೋತು ಬಿಡದೆ ತಂತಿಯಿಂದ ಕಟ್ಟಿ. ಬ್ರಾಕೆಟಿನ ಎರಡು ಬೋಲ್ಟು ಬಿಚ್ಚಿದರೆ ಡಿಸ್ಕ್ ಬರಬೇಕು. ತುಕ್ಕು ಹಿಡಿದು ಬಾರದಿದ್ದರೆ ಡಿಸ್ಕಿನ ಮುಖದಲ್ಲೇ ಇರುವ ಎರಡು ಮರೆ (ಥ್ರೆಡ್) ಇರುವ ತೂತುಗಳಿಗೆ ಎಂ8 ಬೋಲ್ಟು ಹಾಕಿ ಒಂದಾದ ಮೇಲೊಂದು ಬಿಗಿಯುತ್ತ ಬನ್ನಿ, ಚಕ್ರ ಕೂರುವ ಹಬ್‌ನಿಂದ ತಾನೇ ಎದ್ದು ಬರುತ್ತದೆ. ಹಬ್‌ ಮುಖದ ತುಕ್ಕನ್ನು ತಂತಿ ಬ್ರಷ್‌ನಿಂದ ಹೊಳೆಯುವ ತನಕ ಉಜ್ಜಿ. ಅಲ್ಲಿ ಉಳಿದ ಒಂದು ಚಕ್ಕೆ ಸಾಕು, ಡಿಸ್ಕ್ ಓರೆ ಕೂತು ಪೆಡಲ್ ನಡುಗಲು. ಡಿಸ್ಕಿನ ಹಿಂದಿರುವ ತಗಡು ಚಿಕ್ಕ ಡಿಸ್ಕಿನ ಅಳತೆಯದು. ಅದರ ಅಂಚನ್ನು ಹಿಂದಕ್ಕೆ ಬಗ್ಗಿಸಿ ಅಥವಾ ಕತ್ತರಿಸಿ.

ಹೊಸ ಡಿಸ್ಕಿನ ಎಣ್ಣೆ ಪದರವನ್ನು ಬ್ರೇಕ್ ಕ್ಲೀನರ್‌ನಲ್ಲಿ ಒರೆಸಿ ತೆಗೆಯಿರಿ. ಗುಜರಿ ಬ್ರಾಕೆಟಿನಲ್ಲಿ ಕ್ಯಾಲಿಪರ್ ಜಾರುವ ಸ್ಲೈಡ್ ಪಿನ್ ಬೆರಳಲ್ಲಿ ಒತ್ತಿದರೆ ಸಲೀಸಾಗಿ ಒಳಹೊರಗೆ ಆಡಬೇಕು. ಅದಕ್ಕೆ ಹಚ್ಚಬೇಕಾದ್ದು ಸಿಲಿಕೋನ್ ಗ್ರೀಸ್. ಮಾಮೂಲಿ ಗ್ರೀಸಿಗೆ ರಬ್ಬರ್ ಉಬ್ಬಿ ಪಿನ್ ಕಚ್ಚಿಕೊಳ್ಳುತ್ತದೆ. ಟಾರ್ಕ್ ರೆಂಚಿನಲ್ಲಿ ಬಿಗಿಯುವಾಗ ಬ್ರಾಕೆಟ್ ಬೋಲ್ಟಿಗೆ 49ರಿಂದ 69 ನ್ಯೂಟನ್ ಮೀಟರ್, ಚಕ್ರದ ನಟ್ಟಿಗೆ 89ರಿಂದ 117.

ಎಲ್ಲ ಜೋಡಿಸಿದ ಮೇಲೆ ಅಲೆನ್ ಸ್ಕ್ರೂವನ್ನು ಬಲಕ್ಕೆ ತಿರುಗಿಸಿ ಪ್ಯಾಡ್ ಡಿಸ್ಕನ್ನು ಕಚ್ಚಿ ಹಬ್ ತಿರುಗದಂತಾಗಲಿ. ಅಲ್ಲಿಂದ ಮೂರನೇ ಒಂದು ಸುತ್ತು ಹಿಂದಕ್ಕೆ ಬಿಡಿ. ಎರಡೂ ಕಡೆ ಅಷ್ಟೇ ಇರಲಿ. ಈ ಬದಲಾವಣೆ ಚೆನ್ನಾಗಿ ಕೂರುವುದೂ ಕೆಡುವುದೂ ಈ ಮೂರನೇ ಒಂದು ಸುತ್ತಿನಲ್ಲಿ. ಬಿಗಿ ಉಳಿದರೆ ಪ್ಯಾಡ್ ಸದಾ ಉಜ್ಜುತ್ತ ಡಿಸ್ಕ್ ಸುಡುತ್ತದೆ. ಸಡಿಲವಾದರೆ ಪೆಡಲ್ ಆಳಕ್ಕೆ ಹೋಗುತ್ತದೆ, ಹ್ಯಾಂಡ್ ಬ್ರೇಕ್ ಹಿಡಿಯುವುದಿಲ್ಲ. ಎಷ್ಟೋ ಜನ ಆಗ ಕೇಬಲ್ಲನ್ನು ಎಳೆದು ಸರಿಮಾಡಲು ನೋಡುತ್ತಾರೆ, ಅದು ತಪ್ಪು. ಕ್ಯಾಲಿಪರ್ ಸರಿಮಾಡಿ, ಪೆಡಲನ್ನು ನಾಲ್ಕಾರು ಸಲ ಒತ್ತಿ, ಕಟ್ಟಕಡೆಗೆ ಕೇಬಲ್. ಲಿವರ್ 5ರಿಂದ 7 ಕ್ಲಿಕ್ಕಿಗೆ ಹಿಡಿಯಬೇಕು.

ಮೂರು ವರ್ಷದ ಅನುಭವಕ್ಕೆ ಬಂದರೆ, ಮಾಮೂಲಿ ರಸ್ತೆಯಲ್ಲಿ ಕಾರು ಮೊದಲಿಗಿಂತ ಬೇಗ ನಿಲ್ಲುತ್ತದೆ ಎನ್ನಲಾಗದು. 1.6ರ ಬ್ರೇಕಿಗೂ ಟೈರ್ ಲಾಕ್ ಮಾಡುವ ತಾಕತ್ತು ಇತ್ತು. ಲಾಕ್ ಆದ ಮೇಲೆ ನಿಲ್ಲಿಸುವುದು ಟೈರಿನ ಹಿಡಿತವೇ. ವ್ಯತ್ಯಾಸ ಕಾಣುವುದು ಉದ್ದನೆಯ ಘಾಟಿ ಇಳಿಯುವಾಗ ಮತ್ತು ಟ್ರ್ಯಾಕಿನಲ್ಲಿ. ದೊಡ್ಡ ಡಿಸ್ಕ್ ಬಿಸಿ ಹೆಚ್ಚು ತಾಳುತ್ತದೆ, ಹತ್ತನೇ ತಿರುವಿನಲ್ಲೂ ಪೆಡಲ್ ಮೊದಲ ತಿರುವಿನಷ್ಟೇ ಗಟ್ಟಿ. ಬರೀ ಆಫೀಸಿಗೆ ಓಡಿಸುವ ಕಾರಾದರೆ ಒಳ್ಳೆಯ ಟೈರಿಗೆ, ಒಳ್ಳೆಯ ಪ್ಯಾಡಿಗೆ ಆ ದುಡ್ಡು ಹಾಕಿ.

ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುವ ಊರಾದರೆ ವರ್ಷಕ್ಕೊಮ್ಮೆ ಸ್ಲೈಡ್ ಪಿನ್ ತೆಗೆದು ನೋಡಲೇಬೇಕು. ಒಳಗಿನ ಪ್ಯಾಡ್ ಸವೆದು ಹೊರಗಿನದು ಹಾಗೇ ಇದ್ದರೆ ಪಿನ್ ಕಚ್ಚಿಕೊಂಡಿದೆ ಎಂದರ್ಥ. ಜೊತೆಗೆ ಹ್ಯಾಂಡ್ ಬ್ರೇಕ್ ಬಿಟ್ಟಾಗ ಕ್ಯಾಲಿಪರಿನ ಪುಟ್ಟ ಲಿವರ್ ತನ್ನ ತಡೆಗೆ ತಾಗುವ ತನಕ ವಾಪಸು ಬರುತ್ತದೆಯೇ ನೋಡಿ. ಬಾರದಿದ್ದರೆ ಅದರ ಬುಡಕ್ಕೆ ತುಕ್ಕು ಇಳಿದಿದೆ, ಕ್ಯಾಲಿಪರ್ ಬದಲಾಯಿಸಿ. ಆಗ ಮಾತ್ರ ಹೊಸ ತಾಮ್ರದ ವಾಷರ್, ಹೊಸ ಬ್ರೇಕ್ ಆಯಿಲ್, ಬ್ಲೀಡಿಂಗ್ ಎಲ್ಲ ಬೇಕಾಗುತ್ತದೆ. ಬ್ರಿಟನ್ನಿನಲ್ಲಿರುವವರು ಈ ಬದಲಾವಣೆಯನ್ನು ಇನ್ಶೂರೆನ್ಸ್ ಕಂಪನಿಗೆ ತಿಳಿಸಿಡಿ.